ಸ್ಟಿಕಿ ವಿಕೆಟ್: ಮಳೆ ನಿಂತು ಬಿಸಿಲು ಬಂದ ಮೇಲೆ ಶುರುವಾಗುವ ಕಷ್ಟ

ಇಂಗ್ಲಿಷ್ ಪೇಪರ್ ಓದುವವರಿಗೆ ಈ ಮಾತು ಹೊಸದಲ್ಲ. ಕೋರ್ಟಿನಲ್ಲಿ ಸರ್ಕಾರದ ವಾದ ನಿಲ್ಲುವ ಹಾಗೆ ಕಾಣದಿದ್ದರೆ 'ಗವರ್ನಮೆಂಟ್ ಆನ್ ಎ ಸ್ಟಿಕಿ ವಿಕೆಟ್' ಅಂತ ತಲೆಬರಹ ಬರುತ್ತದೆ. ಪಕ್ಷದೊಳಗೆ ಬೆಂಬಲ ಕಳೆದುಕೊಂಡ ಮಂತ್ರಿ, ಸಾಲದ ಕಂತು ಕಟ್ಟಲಾಗದ ಕಂಪನಿ, ಗಡುವು ಮೀರಿದ ಪ್ರಾಜೆಕ್ಟು, ಎಲ್ಲರೂ ಸ್ಟಿಕಿ ವಿಕೆಟ್ ಮೇಲೆಯೇ ಇರುತ್ತಾರೆ. ಡಿಕ್ಷನರಿ ತೆಗೆದರೆ 'ಕಷ್ಟದ ಪರಿಸ್ಥಿತಿ' ಅಂತ ಎರಡೇ ಪದ. ಅದು ತಪ್ಪಲ್ಲ. ಆದರೆ ತೀರಾ ತೆಳು. ಕಷ್ಟ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಮಾತುಗಳಿಗೇನು ಬರವೇ? ಹತ್ತಾರಿವೆ. ಇದು ಎಂಥ ಕಷ್ಟಕ್ಕೆ ಹೇಳುವ ಮಾತು ಅನ್ನುವುದೇ ಇಲ್ಲಿ ಮುಖ್ಯ.

ನನ್ನ ಪ್ರಕಾರ ಅದರ ತಿರುಳು ಇಷ್ಟು. ಆಡುವವನ ಕೈಯಲ್ಲಿ ಆಟ ಇದೆ, ನಿನ್ನೆವರೆಗೂ ಚೆನ್ನಾಗಿಯೇ ಆಡಿದ್ದಾನೆ. ಕೆಟ್ಟಿರುವುದು ಅವನು ನಿಂತಿರುವ ನೆಲ. ಅದೂ ಶಾಶ್ವತವಾಗಿ ಅಲ್ಲ, ಕೆಲವು ಗಂಟೆಗಳ ಮಟ್ಟಿಗೆ. ಈ ಮೂರೂ ಸಂಗತಿಗಳು ಈ ಮಾತಿನೊಳಗಿವೆ. ಅವು ಎಲ್ಲಿಂದ ಬಂದವು ಅಂತ ತಿಳಿಯಬೇಕಾದರೆ ಕ್ರಿಕೆಟ್ ಮೈದಾನಕ್ಕೇ ಇಳಿಯಬೇಕು. ಅದೂ ಈಗಿನ ಮೈದಾನಕ್ಕಲ್ಲ, ಪಿಚ್ಚಿಗೆ ಹೊದಿಕೆ ಹಾಕದಿದ್ದ ಕಾಲದ ಮೈದಾನಕ್ಕೆ.

ಮೊದಲು 'ವಿಕೆಟ್' ಅನ್ನುವ ಪದವನ್ನು ಸರಿಮಾಡಿಕೊಳ್ಳೋಣ. ಎಷ್ಟೋ ಜನ ಎಡವುವುದು ಇಲ್ಲೇ. ಕ್ರಿಕೆಟ್‌ನಲ್ಲಿ ವಿಕೆಟ್ ಅಂದರೆ ಮೂರು ಕೋಲು, ಮೇಲೆ ಎರಡು ಬೇಲ್ಸ್. ಬ್ಯಾಟರ್ ಔಟಾದರೆ 'ವಿಕೆಟ್ ಬಿತ್ತು' ಅಂತೀವಲ್ಲ, ಅದು ಇನ್ನೊಂದು ಅರ್ಥ. ಮೂರನೆಯದು ಪಿಚ್ಚು, ಅಂದರೆ 22 ಗಜ ಉದ್ದ, 10 ಅಡಿ ಅಗಲದ ಆ ನೆಲ. 'ಇವತ್ತು ಬ್ಯಾಟಿಂಗ್ ವಿಕೆಟ್ ಇದೆ', 'ಇದು ಟರ್ನಿಂಗ್ ವಿಕೆಟ್ಟು' ಅಂತ ಕಾಮೆಂಟರಿಯಲ್ಲಿ ಹೇಳುವಾಗ ಇರುವುದು ಈ ಮೂರನೇ ಅರ್ಥ. ಸ್ಟಿಕಿ ವಿಕೆಟ್ ಕೂಡ ಅದೇ. ಅಂಟಂಟಾದ ಪಿಚ್ಚು. ಕೋಲಿಗೂ ಔಟಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಮಳೆ ಬಂದರೆ ಅಂಪೈರ್ ಕೈ ತೋರಿಸುವಷ್ಟರಲ್ಲಿ ಹುಡುಗರು ಓಡಿ ಬಂದು ಪಿಚ್ ಮುಚ್ಚುತ್ತಾರೆ. ಮೊದಲು ಹಾಗಿರಲಿಲ್ಲ. ಆಟ ಒಮ್ಮೆ ಶುರುವಾದ ಮೇಲೆ ಪಿಚ್ಚನ್ನು ಆಕಾಶಕ್ಕೇ ಬಿಟ್ಟುಬಿಡುವುದು ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಬಹಳ ಕಾಲ ವಾಡಿಕೆಯಾಗಿತ್ತು. ಮಳೆ ಬಿದ್ದರೆ ಬೀಳಲಿ, ಬಿಸಿಲು ಬಂದರೆ ಬರಲಿ, ಅದೂ ಆಟದ ಭಾಗ ಅಂತ ಲೆಕ್ಕ. ಬೌಲರ್ ಜಾರಿ ಬೀಳಬಾರದು ಅಂತ ಅವನು ಓಡಿ ಬರುವ ಜಾಗಕ್ಕೆ ಮಾತ್ರ ಹೊದಿಕೆ ಹಾಕುತ್ತಿದ್ದದ್ದೂ ಉಂಟು. ಬ್ಯಾಟರ್‌ನ ಪಾಡು ಬ್ಯಾಟರ್‌ಗೆ.

ಮಳೆ ಬಿದ್ದ ಪಿಚ್ ತಕ್ಷಣ ಕೆಟ್ಟದಾಗುವುದಿಲ್ಲ. ಇದು ತಿಳಿಯದಿದ್ದರೆ ಈ ನುಡಿಗಟ್ಟು ಅರ್ಧ ಮಾತ್ರ ಅರ್ಥವಾಗುತ್ತದೆ. ನೀರು ಪೂರ್ತಿ ಕುಡಿದ ನೆಲ ಮೆತ್ತಗಿರುತ್ತದೆ. ಚೆಂಡು ಅದರ ಮೇಲೆ ಬಿದ್ದು ಸುಮ್ನೆ ಜಾರಿಕೊಂಡು ಬರುತ್ತದೆ. ಚೆಂಡೂ ಒದ್ದೆ, ಬೌಲರ್‌ಗೆ ಹಿಡಿತ ಸಿಗುವುದಿಲ್ಲ. ಆಗ ಬ್ಯಾಟಿಂಗ್ ಸಲೀಸು. ಹಾಗಾಗಿ ಹಿಂದಿನ ಕಾಲದ ತಂಡಗಳು ಮಳೆ ನಿಂತ ತಕ್ಷಣ ಸಿಗುವ ಆ ಸ್ವಲ್ಪ ಹೊತ್ತಿನಲ್ಲೇ ಆದಷ್ಟು ರನ್ ಬಾಚಿಕೊಳ್ಳಲು ನೋಡುತ್ತಿದ್ದವು.

ಬಿಸಿಲು ಬಂತು ಅನ್ನಿ, ಕಥೆಯೇ ಬದಲು. ಕೆರೆಯ ನೀರು ಇಳಿದ ಮೇಲೆ ಅಂಗಳದ ಕೆಸರು ಮೇಲ್ಮೈಯಲ್ಲಿ ಒಣಗಿ ಗಟ್ಟಿಯಾದಂತೆ ಕಾಣುತ್ತದೆ. ಕಾಲಿಟ್ಟರೆ ಹೆಪ್ಪು ಒಡೆದು ಪಾದ ಒಳಗೆ ಹೋಗುತ್ತದೆ, ನೋಡಿದ್ದೀರಲ್ವಾ? ಪಿಚ್ಚಿನಲ್ಲೂ ಅದೇ ಆಗುತ್ತದೆ. ಮೇಲೆ ತೆಳುವಾದ ಒಣ ಪದರ, ಕೆಳಗೆ ಹಸಿ ಜೇಡಿ. ಚೆಂಡು ಬಿದ್ದಾಗ ಆ ಪದರವನ್ನು ಒಡೆದು ಒಂದು ಕ್ಷಣ ಹಸಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಕಡೆ, ಎಷ್ಟು ಎತ್ತರಕ್ಕೆ ಏಳುತ್ತದೆ ಅಂತ ಹೇಳಲಾಗುವುದಿಲ್ಲ. ಒಂದೇ ಜಾಗದಲ್ಲಿ ಬಿದ್ದ ಎರಡು ಚೆಂಡುಗಳಲ್ಲಿ ಒಂದು ಮುಖಕ್ಕೆ ನೆಗೆಯುತ್ತದೆ, ಇನ್ನೊಂದು ತಡೆದು ನಿಧಾನಕ್ಕೆ ಬರುತ್ತದೆ. ಸ್ಪಿನ್ನರ್ ಸ್ವಲ್ಪ ತಿರುಗಿಸಿದರೂ ಚೆಂಡು ಮೊಳದುದ್ದ ತಿರುಗುತ್ತದೆ. ಗುಡ್ ಲೆಂಗ್ತ್ ಚೆಂಡಿಗೆ ಮುಂದಕ್ಕೆ ಬಂದು ಆಡು ಅಂತ ಬ್ಯಾಟರ್ ಚಿಕ್ಕಂದಿನಿಂದ ಕಲಿತಿರುತ್ತಾನೆ. ಇಲ್ಲಿ ಹಾಗೆ ಬಂದರೆ ಚೆಂಡು ಗಂಟಲ ಮಟ್ಟಕ್ಕೆ ಬಂದು ಬ್ಯಾಟಿನ ಹಿಡಿಗೆ ತಾಗಿ ಹತ್ತಿರದ ಫೀಲ್ಡರ್ ಕೈ ಸೇರುತ್ತದೆ. ಕಲಿತದ್ದೇ ಕೈಕೊಡುತ್ತದೆ.

ಇದೂ ಎಷ್ಟೋ ಹೊತ್ತು ಇರುವುದಿಲ್ಲ. ಕೆಳಗಿನ ತೇವವೂ ಆರಿದ ಮೇಲೆ ಪಿಚ್ ಮತ್ತೆ ಸಾಧುವಾಗುತ್ತದೆ. ಇಂಗ್ಲೆಂಡಿನ ಎಳೆ ಬಿಸಿಲಿಗೆ ಇದೆಲ್ಲ ನಿಧಾನವಾಗಿ ನಡೆಯುತ್ತದೆ, ಪಿಚ್ಚಿನ ಕಾಟವೂ ಸ್ವಲ್ಪ ಕಮ್ಮಿ. ಆಸ್ಟ್ರೇಲಿಯಾದ ಸುಡು ಬಿಸಿಲಿನಲ್ಲಿ ಮೇಲಿನ ಪದರ ಬೇಗ ಗಟ್ಟಿಯಾಗುತ್ತದೆ, ಕೆಳಗೆ ಒದ್ದೆ ಹಾಗೇ ಉಳಿಯುತ್ತದೆ. ಬ್ರಿಸ್ಬೇನ್, ಮೆಲ್ಬರ್ನ್ ಪಿಚ್‌ಗಳು ಇದಕ್ಕೇ ಕುಖ್ಯಾತವಾಗಿದ್ದವು. ಆಸ್ಟ್ರೇಲಿಯನ್ನರು ಇಂಥ ಪಿಚ್ಚಿಗೆ 'ಗ್ಲೂಪಾಟ್' ಅಂತಿದ್ದರು. ಅಂಟಿನ ಡಬ್ಬಿ.

ಭಾರತಕ್ಕೂ ಇದರ ಪೆಟ್ಟು ಬಿದ್ದಿದೆ. ಸ್ವಾತಂತ್ರ್ಯ ಬಂದ ವರ್ಷವೇ, 1947ರ ಕೊನೆಯಲ್ಲಿ, ಲಾಲಾ ಅಮರನಾಥ್ ನಾಯಕತ್ವದ ತಂಡ ಆಸ್ಟ್ರೇಲಿಯಾಕ್ಕೆ ಹೋಯಿತು. ಆ ದೇಶದ ವಿರುದ್ಧ ನಮ್ಮ ಮೊದಲ ಟೆಸ್ಟ್ ನಡೆದದ್ದು ಬ್ರಿಸ್ಬೇನ್‌ನಲ್ಲಿ. ಆಸ್ಟ್ರೇಲಿಯಾದ ನಾಯಕ ಬ್ರಾಡ್ಮನ್ 185 ಹೊಡೆದರು. ಆಸ್ಟ್ರೇಲಿಯಾ 8 ವಿಕೆಟ್‌ಗೆ 382 ಮಾಡಿ ಡಿಕ್ಲೇರ್ ಮಾಡಿತು, ಅಂದರೆ ಆಲೌಟ್ ಆಗುವ ಮೊದಲೇ ತಾನಾಗಿ ಬ್ಯಾಟಿಂಗ್ ಮುಗಿಸಿತು. ಮಳೆಯಲ್ಲಿ ನೆನೆದ ಪಿಚ್ ಮೇಲೆ ನಮ್ಮವರು 58ಕ್ಕೆ ಆಲೌಟ್. ಎಡಗೈ ಬೌಲರ್ ಎರ್ನಿ ಟೋಶಾಕ್ 19 ಎಸೆತದಲ್ಲಿ 2 ರನ್ ಕೊಟ್ಟು 5 ವಿಕೆಟ್ ತೆಗೆದರು. ಎರಡನೇ ಸಲ ಬ್ಯಾಟ್ ಮಾಡಿ 98. ಆ ತಂಡದಲ್ಲಿ ವಿಜಯ್ ಹಜಾರೆ ಇದ್ದರು. ಇದೇ ಪ್ರವಾಸದಲ್ಲಿ, ಅಡಿಲೇಡ್‌ನ ಒಣ ಪಿಚ್ ಮೇಲೆ, ಒಂದೇ ಟೆಸ್ಟ್‌ನ ಎರಡೂ ಇನ್ನಿಂಗ್ಸ್‌ನಲ್ಲಿ ಶತಕ ಬಾರಿಸಿದರು. ಆಟಗಾರ ಅವರೇ, ನೆಲ ಬೇರೆ.

ನೆಲ ಹೇಗೆ ಆಟದ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ ಅನ್ನುವುದಕ್ಕೆ ಅದೇ ಬ್ರಿಸ್ಬೇನ್‌ನ ಇನ್ನೊಂದು ಪಂದ್ಯ ನೋಡಬೇಕು. 1950ರ ಡಿಸೆಂಬರ್, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್. ಮೊದಲ ದಿನ ಒಳ್ಳೆಯ ಪಿಚ್ ಮೇಲೆ ಆಸ್ಟ್ರೇಲಿಯಾ 228ಕ್ಕೆ ಆಲೌಟ್ ಆಯಿತು. ಇಂಗ್ಲೆಂಡಿನವರಿಗೆ ಖುಷಿ. ಅಷ್ಟರಲ್ಲಿ ಮಳೆ ಸುರಿಯಿತು. ಶನಿವಾರ ಆಟವೇ ಇಲ್ಲ. ಭಾನುವಾರ ರಜೆ. ಸೋಮವಾರ ಆಟ ಶುರುವಾದಾಗ ಪಿಚ್ ಪಕ್ಕಾ ಗ್ಲೂಪಾಟ್ ಆಗಿತ್ತು.

ಇಂಗ್ಲೆಂಡಿನ ವಿಕೆಟ್‌ಗಳು ಉದುರಿದವು. 7 ವಿಕೆಟ್‌ಗೆ 68 ಆಗಿದ್ದಾಗ ನಾಯಕ ಫ್ರೆಡ್ಡಿ ಬ್ರೌನ್ ಡಿಕ್ಲೇರ್ ಮಾಡಿದರು. ಗಮನಿಸಿ, ಅವರ ತಂಡ ಇನ್ನೂ 160 ರನ್ ಹಿಂದಿತ್ತು! ಹಿಂದಿರುವ ತಂಡ ಯಾಕೆ ಆಟ ಬಿಟ್ಟುಕೊಡುತ್ತದೆ? ಯಾಕೆಂದರೆ ಆ ಪಿಚ್ ಮೇಲೆ ರನ್ನಿಗಿಂತ ಹೊತ್ತಿಗೆ ಬೆಲೆ ಜಾಸ್ತಿ. ಅದು ಕೆಟ್ಟದಾಗಿರುವಾಗಲೇ ಎದುರಾಳಿಯನ್ನು ಅದರ ಮೇಲೆ ನಿಲ್ಲಿಸಬೇಕು. ಆಸ್ಟ್ರೇಲಿಯಾ ಬ್ಯಾಟ್ ಹಿಡಿಯಿತು, ಅವರದ್ದೂ ಅದೇ ಗತಿ. ಟ್ರೆವರ್ ಬೇಯ್ಲಿ, ಅಲೆಕ್ ಬೆಡ್ಸರ್ ಇಬ್ಬರೇ ಏಳು ವಿಕೆಟ್ ಕಿತ್ತರು. 7 ವಿಕೆಟ್‌ಗೆ ಬರೀ 32 ಆಗಿದ್ದಾಗ ನಾಯಕ ಲಿಂಡ್ಸೆ ಹ್ಯಾಸೆಟ್ ಕೂಡ ಡಿಕ್ಲೇರ್ ಮಾಡಿಬಿಟ್ಟರು. ಸಂಜೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಆ ಹೊತ್ತಿನಲ್ಲಿ ಇಂಗ್ಲೆಂಡ್ ಮತ್ತೆ ಅದೇ ಪಿಚ್ ಮೇಲೆ ನಿಲ್ಲಬೇಕಾಯಿತು. ದಿನದ ಕೊನೆಗೆ ಅವರ ಸ್ಕೋರು 6 ವಿಕೆಟ್‌ಗೆ 30. ಆ ಒಂದೇ ದಿನ 130 ರನ್ನಿಗೆ 20 ವಿಕೆಟ್ ಬಿದ್ದಿದ್ದವು.

ಇಂಗ್ಲೆಂಡ್ ಇನ್ನೊಂದು ಪಣವನ್ನೂ ಹೂಡಿತ್ತು. ತಂಡದ ಅತಿ ದೊಡ್ಡ ಬ್ಯಾಟರ್ ಲೆನ್ ಹಟನ್ ಅವರನ್ನು ಮೇಲಿನ ಕ್ರಮಾಂಕದಲ್ಲಿ ಕಳಿಸದೆ ಎಂಟನೇ ಕ್ರಮಾಂಕಕ್ಕೆ ಉಳಿಸಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಪಿಚ್ ಸ್ವಲ್ಪ ಆರಬಹುದು, ಆಗ ಹಟನ್ ಇರಬೇಕು ಅನ್ನುವ ಲೆಕ್ಕ. ಮಾರನೇ ದಿನ ಹಟನ್ ಔಟಾಗದೆ 62 ಹೊಡೆದರು. ಚೆಂಡು ಎದ್ದರೆ ಕೈ ಇಳಿಸಿಕೊಂಡರು, ತಿರುಗಿದರೆ ಕಡೇ ಕ್ಷಣದವರೆಗೆ ಕಾದು ಬಿಟ್ಟರು, ಹೊಡೆಯಬಹುದಾದ ಚೆಂಡನ್ನು ಮಾತ್ರ ಹೊಡೆದರು. ಜೊತೆಗೆ ನಿಲ್ಲುವವರು ಯಾರೂ ಉಳಿಯಲಿಲ್ಲ. ಗೆಲ್ಲಲು 193 ಬೇಕಿತ್ತು, ತಂಡ 122ಕ್ಕೆ ಮುಗಿಯಿತು. ಸೋತ ಪಂದ್ಯದ ಆ 62 ರನ್ನನ್ನು ಕ್ರಿಕೆಟ್ ಬಲ್ಲವರು ಇಂದಿಗೂ ಎಷ್ಟೋ ಶತಕಗಳಿಗಿಂತ ಮೇಲೆ ಇಡುತ್ತಾರೆ. ನಾನೂ ಅದೇ ಪಂಗಡ.

ನೆಲ ಸುಧಾರಿಸುವವರೆಗೆ ಕಾಯುವ ಈ ಉಪಾಯವನ್ನು ಬ್ರಾಡ್ಮನ್ ಸುಮಾರು ಹದಿನಾಲ್ಕು ವರ್ಷ ಮೊದಲೇ, ಇನ್ನೂ ದಿಟ್ಟವಾಗಿ ಮಾಡಿದ್ದರು. 1937ರ ಜನವರಿ, ಮೆಲ್ಬರ್ನ್. ಇಂಗ್ಲೆಂಡ್ ಸರಣಿಯಲ್ಲಿ 2-0 ಮುಂದಿತ್ತು. ಮಳೆಗೆ ಪಿಚ್ ಕೆಟ್ಟ ಮೇಲೆ ಆಸ್ಟ್ರೇಲಿಯಾ 9 ವಿಕೆಟ್‌ಗೆ 200 ಆಗಿದ್ದಾಗ ಡಿಕ್ಲೇರ್ ಮಾಡಿತು. ಇಂಗ್ಲೆಂಡ್ 9 ವಿಕೆಟ್‌ಗೆ 76 ಆಗಿದ್ದಾಗ ಡಿಕ್ಲೇರ್ ಮಾಡಿತು. ಆಗ ಬ್ರಾಡ್ಮನ್ ಬ್ಯಾಟಿಂಗ್ ಕ್ರಮಾಂಕವನ್ನೇ ತಿರುಗಿಸಿ, ಬಾಲಂಗೋಚಿಗಳಾದ ಓ'ರೈಲಿ ಮತ್ತು ಫ್ಲೀಟ್‌ವುಡ್-ಸ್ಮಿತ್ ಅವರನ್ನು ಓಪನಿಂಗ್‌ಗೆ ಕಳಿಸಿದರು. ಅವರ ಕೆಲಸ ರನ್ ಮಾಡುವುದಲ್ಲ, ಸಂಜೆ ದೂಡುವುದು. ಮಧ್ಯೆ ಭಾನುವಾರ ರಜೆ ಸಿಕ್ಕಿ ಪಿಚ್ ಆರಿತು. ಏಳನೇ ಕ್ರಮಾಂಕದಲ್ಲಿ ಬಂದ ಬ್ರಾಡ್ಮನ್ 270 ಹೊಡೆದರು. ಜ್ಯಾಕ್ ಫಿಂಗಲ್ಟನ್ 136. ಇಬ್ಬರೂ ಸೇರಿ ಆರನೇ ವಿಕೆಟ್‌ಗೆ 346. ಆಸ್ಟ್ರೇಲಿಯಾ ಆ ಪಂದ್ಯವನ್ನೂ ಮುಂದಿನ ಎರಡನ್ನೂ ಗೆದ್ದು ಸರಣಿಯನ್ನು 3-2ರಿಂದ ತನ್ನದಾಗಿಸಿಕೊಂಡಿತು.

ಇನ್ನು ಬೌಲರ್‌ಗಳ ಕಡೆಯಿಂದ ನೋಡಿದರೆ ಇದು ಹಬ್ಬ. ಯಾರ್ಕ್‌ಶೈರ್‌ನ ಎಡಗೈ ಸ್ಪಿನ್ನರ್ ಹೆಡ್ಲಿ ವೆರಿಟಿ 1934ರಲ್ಲಿ ಲಾರ್ಡ್ಸ್‌ನಲ್ಲಿ, ವಾರಾಂತ್ಯದ ಮಳೆಯಲ್ಲಿ ನೆನೆದ ಪಿಚ್ ಮೇಲೆ, ಆಸ್ಟ್ರೇಲಿಯಾದ 14 ವಿಕೆಟ್‌ಗಳನ್ನು ಒಂದೇ ದಿನ ಕಿತ್ತರು. ಇಂಗ್ಲೆಂಡಿನ ಇನ್ನೊಬ್ಬ ಬೌಲರ್ ಡೆರೆಕ್ ಅಂಡರ್‌ವುಡ್ ಅವರಿಗೆ 'ಡೆಡ್ಲಿ' ಅನ್ನುವ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. 1968ರಲ್ಲಿ ಓವಲ್ ಮೈದಾನದಲ್ಲಿ, ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ನ ಕೊನೆಯ ದಿನ ಇಂಗ್ಲೆಂಡ್ ಗೆಲುವಿನ ಹತ್ತಿರ ಇದ್ದಾಗ ಗುಡುಗು ಮಳೆ ಬಂದು ಮೈದಾನ ಕೆರೆಯಾಯಿತು. ಮಳೆ ನಿಂತ ಮೇಲೆ ಪ್ರೇಕ್ಷಕರೇ ಒಳಗಿಳಿದು ಮೈದಾನದ ಸಿಬ್ಬಂದಿ ಜೊತೆ ನೀರು ಬಳಿದರು. ಆಟ ಮತ್ತೆ ಶುರುವಾಗಿ, ಇನ್ನೇನು ಕೆಲವೇ ನಿಮಿಷ ಉಳಿದಿರುವಾಗ ಅಂಡರ್‌ವುಡ್ ಕೊನೆಯ ವಿಕೆಟ್ ತೆಗೆದರು. ಆ ಇನ್ನಿಂಗ್ಸ್‌ನಲ್ಲಿ ಅವರದ್ದು 50 ರನ್ನಿಗೆ 7 ವಿಕೆಟ್.

ಇಷ್ಟು ನೋಡಿದ ಮೇಲೆ ನುಡಿಗಟ್ಟಿಗೆ ಬರೋಣ. 'ಸ್ಟಿಕಿ ವಿಕೆಟ್' ಅನ್ನುವ ಮಾತು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕ್ರಿಕೆಟ್ ವರದಿಗಳಲ್ಲೇ ಇದೆ. ಅಲ್ಲಿ ಅದು ನೇರ ವಿವರಣೆ, ಪಿಚ್ ಅಂಟಾಗಿತ್ತು ಅಂತ ಅಷ್ಟೇ. ಆಮೇಲೆ ಮೈದಾನದಿಂದ ಹೊರಗೆ ಬಂದು ರಾಜಕೀಯ, ವ್ಯಾಪಾರ, ಮನೆ ಮಾತಿನೊಳಗೆ ಸೇರಿತು.

ಬಳಸುವಾಗ ಒಂದು ಸಣ್ಣ ಪದದ ಮೇಲೆ ಕಣ್ಣಿಡಬೇಕು. ಅದು 'ಆನ್'. ಮನುಷ್ಯ ಸ್ಟಿಕಿ ವಿಕೆಟ್ ಮೇಲೆ ಇರುತ್ತಾನೆ, ಒಳಗೆ ಇರುವುದಿಲ್ಲ. 'ವಿ ಆರ್ ಆನ್ ಎ ಸ್ಟಿಕಿ ವಿಕೆಟ್' ಸರಿ. 'ಇನ್ ಎ ಸ್ಟಿಕಿ ವಿಕೆಟ್' ತಪ್ಪು. 'ಇನ್ ಎ ಸ್ಟಿಕಿ ಸಿಚುಯೇಶನ್' ಅನ್ನುವ ಇನ್ನೊಂದು ಮಾತು ಇರುವುದರಿಂದ ಎರಡೂ ಕಲೆಸಿ ಹೋಗುತ್ತವೆ. ಮೂಲದ ವಾಸನೆ ಜಾಸ್ತಿ ಬೇಕು ಅನ್ನುವವರು 'ಬ್ಯಾಟಿಂಗ್ ಆನ್ ಎ ಸ್ಟಿಕಿ ವಿಕೆಟ್' ಅನ್ನುತ್ತಾರೆ. ಸಂದರ್ಭವನ್ನೇ ತೋರಿಸಿ 'ಇಟ್ಸ್ ಎ ಬಿಟ್ ಆಫ್ ಎ ಸ್ಟಿಕಿ ವಿಕೆಟ್' ಅನ್ನುವುದೂ ಬಳಕೆಯಲ್ಲಿದೆ. ಬ್ರಿಟಿಷರಿಗೆ ಆ 'ಎ ಬಿಟ್' ತುಂಬಾ ಇಷ್ಟ. ದೊಡ್ಡ ತೊಂದರೆಯನ್ನೂ ಸ್ವಲ್ಪ ಅಂತ ಹೇಳುವ ರೀತಿ ಅವರದ್ದು.

ಈಗಿನ ಬಳಕೆಯಲ್ಲಿ ಇದಕ್ಕೆ ಎರಡು ಮುಖ. ಒಂದು, ಸಂದರ್ಭ ಬದಲಾಗಿ ಇಕ್ಕಟ್ಟಿಗೆ ಸಿಕ್ಕುವುದು. ಇನ್ನೊಂದು, ವಾದಕ್ಕೆ ಅಥವಾ ಬೇಡಿಕೆಗೆ ಬುಡ ಗಟ್ಟಿ ಇಲ್ಲದಿರುವುದು. ವಕೀಲರ ಬಾಯಲ್ಲಿ ಕೇಳುವುದು ಹೆಚ್ಚಾಗಿ ಈ ಎರಡನೆಯದು.

ಒಂದು ಉದಾಹರಣೆ ನೋಡಿ. ಬೆಂಗಳೂರಿನಲ್ಲಿ ಒಬ್ಬರು ಬಾಡಿಗೆ ಮನೆಯಲ್ಲಿದ್ದಾರೆ. ಹನ್ನೊಂದು ತಿಂಗಳ ಕರಾರು ಯಾವತ್ತೋ ಮುಗಿದಿದೆ, ಹೊಸದು ಬರೆಸಿಲ್ಲ. ಓನರ್ ಒಳ್ಳೆಯವರು, ಮಾತಿನ ಮೇಲೆ ನಡೀತಿತ್ತು. ಒಂದು ದಿನ ಮನೆ ಬೇರೆಯವರಿಗೆ ಮಾರಾಟವಾಗುತ್ತದೆ. ಹೊಸ ಓನರ್ 'ಅಡ್ವಾನ್ಸ್ ಎಷ್ಟು ಕೊಟ್ಟಿದ್ರಿ, ಪೇಪರ್ ತೋರಿಸಿ' ಅನ್ನುತ್ತಾರೆ. ಅರ್ಧ ದುಡ್ಡು ಕ್ಯಾಶಿನಲ್ಲಿ ಹೋಗಿದೆ, ರಸೀದಿ ಇಲ್ಲ. ಬಾಡಿಗೆದಾರ ಪ್ರತಿ ತಿಂಗಳೂ ಸರಿಯಾಗಿ ಬಾಡಿಗೆ ಕಟ್ಟಿದವನೇ. ಅವನ ನಡತೆಯಲ್ಲಿ ಏನೂ ಬದಲಾಗಿಲ್ಲ, ಕಾಲ ಕೆಳಗಿನ ನೆಲ ಬದಲಾಗಿದೆ. 'ಹಿ ಈಸ್ ಆನ್ ಎ ಸ್ಟಿಕಿ ವಿಕೆಟ್' ಅಂತ ಅವನ ಬಗ್ಗೆ ಧಾರಾಳವಾಗಿ ಹೇಳಬಹುದು. ಎರಡೂ ಮುಖ ಇಲ್ಲಿವೆ. ಸಂದರ್ಭ ಕೆಟ್ಟಿತು, ಹಕ್ಕು ಕೇಳಲು ಆಧಾರವೂ ಗಟ್ಟಿ ಇಲ್ಲ. ಪಿಚ್ಚಿನ ಹಾಗೆ ಇದೂ ದಾಟಬಹುದಾದ ಕಷ್ಟ. ಹಳೇ ಓನರ್ ಒಂದು ಮಾತು ಬರೆದುಕೊಟ್ಟರೆ ಮುಗಿಯಿತು.

ಇಲ್ಲಿ ಒಂದು ಮಾತು ಒಪ್ಪಬೇಕು. ಇವತ್ತಿನ ಬಳಕೆ ಸಡಿಲವಾಗಿದೆ. ತನ್ನ ಕೈಯಾರೆ ಗುಂಡಿ ತೋಡಿಕೊಂಡು ಬಿದ್ದವನನ್ನೂ ಪತ್ರಿಕೆಗಳು ಸ್ಟಿಕಿ ವಿಕೆಟ್ ಮೇಲೆ ನಿಲ್ಲಿಸುತ್ತವೆ. ಲಂಚ ತಗೊಂಡು ಸಿಕ್ಕಿಬಿದ್ದ ಅಧಿಕಾರಿಗೂ ಅದೇ ಮಾತು. ಇದು ತಪ್ಪು ಅಂತ ಯಾವ ನಿಘಂಟೂ ಹೇಳುವುದಿಲ್ಲ. ನನಗೆ ಮಾತ್ರ ಇದು ಇಷ್ಟವಾಗುವುದಿಲ್ಲ. ಮಳೆಗೆ ಸಿಕ್ಕಿದವನಿಗೂ ಮಾಡಿದ್ದುಣ್ಣೋ ಮಹರಾಯ ಅನ್ನಿಸಿಕೊಳ್ಳುವವನಿಗೂ ಒಂದೇ ಮಾತು ಹೇಳಿದರೆ ಮಾತಿನ ಮೊನಚು ಹೋಗುತ್ತದೆ.

ಎಲ್ಲ ಕಷ್ಟಕ್ಕೂ ಇದು ಹೊಂದುವುದಿಲ್ಲ ಅನ್ನುವುದೂ ನೆನಪಿರಲಿ. ಆಟದಿಂದ ಬಂದ ಮಾತಾದ್ದರಿಂದ ಇದಕ್ಕೆ ಸ್ವಲ್ಪ ಹಗುರ ಸ್ವಭಾವ. ಮಾತುಕತೆ, ಮೊಕದ್ದಮೆ, ಚುನಾವಣೆ, ವ್ಯಾಪಾರ, ಆಫೀಸಿನ ಇಕ್ಕಟ್ಟಿಗೆ ಸರಿ. ಸಾವು, ದೊಡ್ಡ ಕಾಯಿಲೆ, ಪ್ರವಾಹದಲ್ಲಿ ಮನೆ ಕಳೆದುಕೊಂಡವರ ವಿಷಯದಲ್ಲಿ ಬಳಸಿದರೆ ಕೇಳುವವರ ಮನಸ್ಸಿಗೆ ಚುಚ್ಚುತ್ತದೆ.

ಕನ್ನಡದಲ್ಲಿ ಏನನ್ನೋಣ? ಮೊದಲು ನೆನಪಿಗೆ ಬರುವುದು 'ಅತ್ತ ದರಿ ಇತ್ತ ಪುಲಿ'. ಆದರೆ ಅದು ಎರಡು ದಾರಿಯೂ ಕೆಟ್ಟದಾಗಿರುವವನ ಪಾಡು. 'ಬಿಸಿ ತುಪ್ಪ' ನುಂಗಲೂ ಆಗದ, ಉಗುಳಲೂ ಆಗದ ಸಂಗತಿ. 'ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ' ಎರಡು ಕಡೆಯ ಒತ್ತಡದ ಮಾತು. ಸ್ಟಿಕಿ ವಿಕೆಟ್‌ನಲ್ಲಿ ಎರಡು ದಾರಿಯ ಪ್ರಶ್ನೆ ಇಲ್ಲ, ಎರಡು ಕಡೆಯ ಒತ್ತಡವೂ ಇಲ್ಲ. ನಿಂತ ಜಾಗವೇ ಸರಿಯಿಲ್ಲ, ಅಷ್ಟೇ. 'ಇಕ್ಕಟ್ಟಿಗೆ ಸಿಕ್ಕಿದ್ದಾನೆ' ಅನ್ನುವುದು ಹತ್ತಿರ ಬರುತ್ತದೆ. ವಾದದ ವಿಷಯವಾದರೆ 'ಅವರ ವಾದಕ್ಕೆ ಬುಡ ಗಟ್ಟಿಯಿಲ್ಲ' ಅಂದರೆ ಸಾಕು. ಕ್ರಿಕೆಟ್ ಗೊತ್ತಿರುವವರ ನಡುವೆ 'ಸ್ಟಿಕಿ ವಿಕೆಟ್' ಅಂತಲೇ ಬಿಟ್ಟರೂ ಏನೂ ತೊಂದರೆ ಇಲ್ಲ. ಕ್ಲೀನ್ ಬೌಲ್ಡ್, ಗೂಗ್ಲಿ, ಸಿಕ್ಸರ್, ಸೆಕೆಂಡ್ ಇನ್ನಿಂಗ್ಸ್ ಎಲ್ಲ ನಮ್ಮ ರಾಜಕೀಯ ವರದಿಗಳಲ್ಲಿ ಆಗಲೇ ಬೇರು ಬಿಟ್ಟಿವೆ.

ಮಾತು ಹೀಗೆ ಹಬ್ಬುತ್ತಿದ್ದಂತೆ ಮೈದಾನದಲ್ಲಿ ಅಂಥ ಪಿಚ್ಚೇ ಇಲ್ಲವಾಯಿತು. ಆಸ್ಟ್ರೇಲಿಯಾದಲ್ಲಿ ಹೊದಿಕೆ ಮೊದಲು ಬಂತು. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ 1981ರಿಂದ ಪಿಚ್ಚನ್ನು ಪೂರ್ತಿ ಮುಚ್ಚತೊಡಗಿತು. ಕಾರಣ ಸರಳ. ಟಿಕೆಟ್ ಕೊಂಡು ಬಂದವರಿಗೆ ಆಟ ಬೇಕು, ಟಾಸ್ ಮತ್ತು ಮೋಡ ಸೇರಿ ಪಂದ್ಯ ತೀರ್ಮಾನಿಸುವುದು ನ್ಯಾಯವಲ್ಲ. ಇಂಥ ಪಿಚ್ ಮೇಲೆ ಆಡುವ ಕಲೆ ಹೋಯಿತಲ್ಲ ಅಂತ ಹಳಬರು ಕೊರಗಿದ್ದೂ ನಿಜ. 1926ರಲ್ಲಿ ಓವಲ್‌ನ ಒದ್ದೆ ಪಿಚ್ ಮೇಲೆ ಜ್ಯಾಕ್ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್ ಮೊದಲ ವಿಕೆಟ್‌ಗೆ 172 ರನ್ ಸೇರಿಸಿದ್ದರು. ಅಂಥ ಜೊತೆಯಾಟ ಇನ್ನು ನೋಡಲು ಸಿಗುವುದಿಲ್ಲ. ನಮ್ಮ ಚಿನ್ನಸ್ವಾಮಿ ಮೈದಾನದಲ್ಲಂತೂ ನೆಲದಡಿಯ ಪೈಪುಗಳಿಂದ ನೀರು ಎಳೆದುಕೊಳ್ಳುವ ಸಬ್‌ಏರ್ ವ್ಯವಸ್ಥೆ 2017ರಿಂದ ಇದೆ.

ಅದೇ ಚಿನ್ನಸ್ವಾಮಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಭಾರತ ನ್ಯೂಜಿಲೆಂಡ್ ವಿರುದ್ಧ 46ಕ್ಕೆ ಆಲೌಟ್ ಆಯಿತು. ತವರಿನಲ್ಲಿ ನಮ್ಮ ಅತಿ ಕಡಿಮೆ ಟೆಸ್ಟ್ ಸ್ಕೋರು ಅದು. ಮೊದಲ ದಿನ ಮಳೆಗೆ ಹೋಗಿತ್ತು. ಅದನ್ನು ಸ್ಟಿಕಿ ವಿಕೆಟ್ ಅನ್ನಬಹುದೇ? ಆಡುಮಾತಿನಲ್ಲಿ ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಹಳೇ ಅರ್ಥದಲ್ಲಿ ಮಾತ್ರ ಅಲ್ಲ. ಪಿಚ್ ಹೊದಿಕೆಯ ಕೆಳಗೇ ಇತ್ತು, ಮಳೆ ಕುಡಿದಿರಲಿಲ್ಲ. ಮೇಲ್ಮೈಯಲ್ಲಿ ತೇವ, ಮೇಲೆ ಮೋಡ, ಕೈಯಲ್ಲಿ ಹೊಸ ಚೆಂಡು. ಮ್ಯಾಟ್ ಹೆನ್ರಿ 5, ವಿಲಿಯಂ ಓ'ರೂರ್ಕ್ 4 ವಿಕೆಟ್ ತೆಗೆದದ್ದು ಚೆಂಡನ್ನು ಗಾಳಿಯಲ್ಲಿ ಮತ್ತು ಸೀಮ್ ಮೇಲೆ ಅತ್ತಿತ್ತ ಆಡಿಸಿ. ಒಣ ಪದರ ಒಡೆದು ಚೆಂಡು ಗಂಟಲಿಗೆ ನೆಗೆಯುವ ಆಟ ಅದಲ್ಲ. ಆದರೆ ಒಂದು ವಿಷಯ ಹಳೇ ಕಾಲದ ಹಾಗೇ ಆಯಿತು. ಮೋಡ ಸರಿದು ತೇವ ಆರಿದ ಮೇಲೆ ಅದೇ ಹನ್ನೊಂದು ಜನ ಎರಡನೇ ಇನ್ನಿಂಗ್ಸ್‌ನಲ್ಲಿ 462 ಹೊಡೆದರು. ಪಂದ್ಯ ಮಾತ್ರ ಉಳಿಯಲಿಲ್ಲ.

ಕೊನೆಗೆ, ಹೊರದೇಶದವರ ಜೊತೆ ಕೆಲಸ ಮಾಡುವವರಿಗೆ ಒಂದು ಉಪಯೋಗದ ಮಾತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ನಮ್ಮ ನೆರೆ ದೇಶಗಳಲ್ಲಿ ಇದನ್ನು ಧೈರ್ಯವಾಗಿ ಬಳಸಿ. ಆಸ್ಟ್ರೇಲಿಯನ್ನರು ಇದರ ವಿರುದ್ಧ ಅರ್ಥದಲ್ಲಿ 'ಆನ್ ಎ ಗುಡ್ ವಿಕೆಟ್' ಅಂತಲೂ ಹೇಳುತ್ತಾರೆ. ಒಳ್ಳೆ ಸಂಬಳದ, ಆರಾಮದ ಕೆಲಸ ಸಿಕ್ಕವನಿಗೆ ಹೇಳುವ ಮಾತು. ಅಮೆರಿಕದ ಕ್ಲೈಂಟ್ ಜೊತೆಗಿನ ಕಾಲ್‌ನಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ಅಲ್ಲಿ ಕ್ರಿಕೆಟ್ ಆಡುವವರು ಕಡಿಮೆ. ವಿಕೆಟ್ ಅಂದರೆ ಕೆಲವರಿಗೆ ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಕ್ರೋಕೆ ಆಟದಲ್ಲಿ ನೆಲಕ್ಕೆ ಚುಚ್ಚುವ ತಂತಿಯ ಕಮಾನು ನೆನಪಾಗುತ್ತದೆ. ಅಂಥವರ ಮುಂದೆ 'ವಿ ಆರ್ ಇನ್ ಎ ಟೈಟ್ ಸ್ಪಾಟ್' ಅಂದುಬಿಡಿ, ತಕ್ಷಣ ಅರ್ಥವಾಗುತ್ತದೆ.